ನೀಲಾ ಶಾಣ್ಯಾಕಿ ಆಗಿರಲಿಲ್ಲ

ಇಳಕಲ್ಲಿನ ಕಡೆ ಒಂದು ಊರು. ಅಲ್ಲೊಬ್ಬ ಸೀರೆ ವ್ಯಾಪಾರದ ಸಾಹುಕಾರ, ವೀರಸಂಗಪ್ಪ ಅಂತ. ಅವನ ಮಗಳು ನೀಲಾ, ಹನ್ನೊಂದು ವರ್ಷ. ಮನೆ ತುಂಬ ಮಾತಾಡೋ ಹುಡುಗಿ, ನೋಡಿ, ದಸರಾ ರಜೆ ಮುಗಿದ ಮೇಲೆ ತಣ್ಣಗಾದಳು. ಹಟ ಇಲ್ಲ, ಜಗಳ ಇಲ್ಲ. ಅರ್ಧ ರೊಟ್ಟಿಗೇ ಸಾಕು. ಶಾಲೆಗೆ ಹೊರಡೋ ಹೊತ್ತಿಗೆ ಹೊಟ್ಟೆನೋವು. ಗೆಳತಿಯರು ಕರೆಯೋಕೆ ಬಂದರೆ, ‘ಬರಂಗಿಲ್ಲಂತ ಹೇಳ್ರಿ.’

ಮನೆಯವರು ಏನಂದರು? ‘ನಮ್ಮ ನೀಲಾ ಶಾಣ್ಯಾಕಿ ಆಗ್ಯಾಳ, ಬುದ್ಧಿ ಬಂದೈತಿ!’ ವೀರಸಂಗಪ್ಪ ಅಂಗಡಿಗೆ ಬಂದವರ ಮುಂದೆಲ್ಲ ಅದನ್ನೇ ಹೇಳಿ ಹಿಗ್ಗಿದ. ಹಿಗ್ಗಿದ, ತಾಯಂದಿರೇ! ನಾವಾದರೂ ಬೇರೇನು ಮಾಡ್ತಿದ್ದೆವು?

ಸಂಕ್ರಾಂತಿ ಹೊತ್ತಿಗೆ ಅವನ ಅಕ್ಕ ಗೌರಮ್ಮ ನಾಲ್ಕು ದಿನ ಇರೋಕೆ ಬಂದಳು. ಮೂರನೇ ದಿನ ಅಂಗಡಿಗೇ ನಡೆದುಬಂದಳು.

‘ಸಂಗಪ್ಪಾ, ನೀಲಾ ತನ್ನ ಬಣ್ಣದ ಪೆಟ್ಟಿಗಿ, ಬಳಿ, ಹೊಸಾ ಲಂಗ, ಎಲ್ಲಾ ಓಣಿ ಹುಡುಗ್ಯಾರಿಗೆ ಹಂಚಿ ಬಂದಾಳ. ಯಾಕವ್ವಾ ಅಂದ್ರ, ನಂಗಿನ್ಯಾಕ ಬೇಕು ಅತ್ತಿ, ಅಂದ್ಲು. ಏಳೋ, ಮನಿಗೆ ನಡಿ.’

‘ಅಕಿ ಕೈ ಧಾರಾಳ ಬಿಡಕ್ಕ’ ಅಂತ ನಗೋಕೆ ಹೋದವನು ಅಕ್ಕನ ಮುಖ ನೋಡಿ ಎದ್ದ.

ಮಗಳು ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಅವನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತ. ಬಹಳ ಹೊತ್ತು ಕೂತ.

‘ಏನಾಗೈತವ್ವಾ?’

‘ಗೊತ್ತಿಲ್ಲಪ್ಪ. ಎಲ್ಲಾ ಸಾಕಾಗೈತಿ. ನಾ ಇಲ್ಲಂದ್ರ ನಿಮಗ ಆರಾಮ ಅಲ್ಲೇನು?’

ವೀರಸಂಗಪ್ಪ ಮಗಳ ಕೈ ಹಿಡಿದುಕೊಂಡ. ಇಷ್ಟು ತಿಂಗಳು ಇದನ್ನು ಹೊತ್ತುಕೊಂಡೇ ಈ ಕೂಸು ಎರಡು ಜಡೆ ಹಾಕಿಸಿಕೊಂಡಿತ್ತು, ಬಂದವರಿಗೆ ನೀರು ಕೊಟ್ಟಿತ್ತು, ತನ್ನ ಕಂಡಾಗ ನಕ್ಕೂ ಇತ್ತು. ಎಷ್ಟು ದೊಡ್ಡ ನೋವು, ಎಷ್ಟು ಪುಟ್ಟ ಎದೆ! ಹೆತ್ತ ಮಗಳಿಗೇ ಕೈಮುಗಿಯಬೇಕು ಅನಿಸಿತು ಅವನಿಗೆ.

‘ನೀ ನಮಗ ಬೇಕವ್ವಾ. ಇದೊಂದು ಜಡ್ಡು, ನಿನ್ನ ತಪ್ಪಲ್ಲ. ಡಾಕ್ಟರ್ ಕಡೆ ಕೂಡಿ ಹೋಗೂಣು.’

ಅವತ್ತೇ ಕರೆದುಕೊಂಡು ಹೋದ, ಮನಸ್ಸಿನ ಡಾಕ್ಟರ ಹತ್ತಿರ. ‘ಮಂದಿ ಏನಂದಾರು’ ಅಂತ ಹೆಂಡತಿ ಅಳುಕಿದಾಗ ‘ಅನ್ನಲಿ’ ಅಂದ. ಗೌರಮ್ಮ ಊರಿಗೆ ಹೋಗೋದು ಬಿಟ್ಟು ಹುಡುಗಿಯ ಜೊತೆಗೇ ಉಳಿದಳು. ಗುಣ ಆಗೋಕೆ ಎಂಟು ತಿಂಗಳು ಹಿಡೀತು. ಒಂದು ಮುಂಜಾನೆ ಅಂಗಡಿಗೆ ಹೊರಟಾಗ ಬಚ್ಚಲುಮನೆಯಿಂದ ಮಗಳು ಹಾಡಿಕೊಳ್ಳೋದು ಕೇಳಿತು. ವೀರಸಂಗಪ್ಪ ಚಪ್ಪಲಿ ಕೈಯಲ್ಲೇ ಹಿಡಿದು ನಿಂತುಬಿಟ್ಟ.

ದೇವರು ಕಾಣಲಿಲ್ಲ ಅಂತ ಕೊರಗ್ತೀವಲ್ಲ, ಪಕ್ಕದಲ್ಲಿ ಕೂತು ಉಣ್ಣೋ ಮಗು ಕಂಡಿದೆಯಾ ನಮಗೆ? ಇವತ್ತು ಮನೆಗೆ ಹೋಗಿ ಮೊಬೈಲು ಒಳಗಿಡಿ. ಮಗುವಿನ ಪಕ್ಕ ಕೂತುಕೊಳ್ಳಿ. ಮಾರ್ಕ್ಸು ಕೇಳಬೇಡಿ. ಊಟ, ನಿದ್ದೆ, ಆಟ ಎರಡು ವಾರದಿಂದ ಕೆಟ್ಟಿದೆಯಾ? ಮಾತು ನಿಂತಿದೆಯಾ? ಸುಮ್ಮಸುಮ್ಮನೆ ಸಿಡುಕ್ತಿದೆಯಾ? ‘ಏನಾಗೈತಿ’ ಅಂತ ಕೇಳಿ, ಉತ್ತರ ಬರೋ ತನಕ ಏಳಬೇಡಿ. ಜ್ವರ ಬಂದರೆ ಡಾಕ್ಟರ ಹತ್ತಿರ ಓಡ್ತೀರಿ, ಇದಕ್ಕೂ ಓಡಿ. ನಾಳೆ ಪ್ರವಚನಕ್ಕೆ ತಡವಾದರೆ ನಾನು ಕಾಯ್ತೀನಿ. ಆ ಮಗು ಎಷ್ಟು ದಿನ ಕಾದೀತು?