ಎಲೆಯಿಲ್ಲದ ತಟ್ಟೆ

ಪ್ರಯೋಗಾಲಯದ ಮೂಲೆಯಲ್ಲಿ ಕೆಲಸದ ಹುಡುಗಿ ಗಾಜಿನ ತಟ್ಟೆ ತೊಳೆಯುತ್ತಿದ್ದಳು. ಬಾಗಿಲಲ್ಲಿ ಸಂಶೋಧಕ ತನ್ನ ಅಕ್ಕನೆದುರು ತಲೆ ತಗ್ಗಿಸಿ ನಿಂತಿದ್ದ.

“ಇನ್ನಷ್ಟು ಎಲೆ ಕೊಡೋ. ಅದು ಕ್ಯಾನ್ಸರ್ ಕೋಶ ಕೊಂದ್ಹಾಕ್ತು ಅಂತ ನೀನಂದಿದ್ದೇ ತಡ, ಅಮ್ಮ ಆಸ್ಪತ್ರೆ ಔಷಧಿ ಬಿಟ್ಟು ಅದರ ಕಷಾಯಾನೇ ಕುಡೀತಿದಾಳೆ.”

“ಕೊಂದಿದ್ದು ಎಲೆ ಅಲ್ಲಕ್ಕಾ. ಎಲೆ ನೆನೆಸಿದ ಸ್ಪಿರಿಟ್ಟು.”

“ಹೇಗೆ ಗೊತ್ತು?”

“ಬರೀ ಸ್ಪಿರಿಟ್ ಹಾಕಿದ ತಟ್ಟೇಲೂ ಕೋಶ ಸತ್ತಿವೆ. ಅದನ್ನ ನೋಡೋ ಮೊದಲೇ ಅಮ್ಮಂಗೆ ಹೇಳ್ಬಿಟ್ಟೆ.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದೆ. ಅಮ್ಮ ನಂಬಿದ್ದು ನಿನ್ನನ್ನ ಕಣೋ, ಎಲೆನಲ್ಲ.”

“ನಿನ್ನೆ ಫೋನ್ ಮಾಡ್ದೆ. ‘ಮಗಾ, ನಿನ್ನ ಔಷಧಿ ಹಿಡೀತು’ ಅಂದ್ಲು. ನಿಜ ಹೇಳ್ದೆ ಫೋನ್ ಇಟ್ಬಿಟ್ಟೆ.”

ಅಕ್ಕ ಸರಸರನೆ ಮೆಟ್ಟಿಲಿಳಿದಳು. ಅವನೂ ಹಿಂದೆಯೇ ಓಡಿದ. ಹುಡುಗಿ ನಲ್ಲಿ ನಿಲ್ಲಿಸಿದಳು. ಕೆಳಗಿನಿಂದ ಅವನ ದನಿಯೊಂದೇ ಕೇಳಿಸಿತು:

“ಅಮ್ಮಂಗೆ ನೀನೇ ಹೇಳಕ್ಕಾ.”