ಸೋಮಾರ ಹೊಂಟ ಟ್ಯಾಂಕು

...ಅಲ್ಲವಾ, ನೀ ಆ ಮಿಲಿಟ್ರಿ ಅಂಗಿ ಬಿಚ್ಚಬ್ಯಾಡ ಗಂಗಾ, ಹಂಗ ಕುಂದ್ರು. ಬ್ಯಾಡ ಅಂದಾಂವ ನಿಮ್ಮಪ್ಪ, ನಾನಲ್ಲ. ಸಣ್ಣವ್ರ, ನೀವೂ ಬರ್ರಿ ಕಟ್ಟಿ ಮ್ಯಾಲೆ, ನಿಮಗೂ ತಿಳೀಲಿ. ಕೊಪ್ಪಳದಾಗ ಯುದ್ಧದ ಸಿನೆಮಾ ಹಚ್ಯಾರ, ಟಾಕೀಜಿನ ಮುಂದ ಹುಡುಗ್ರು ಸೈನಿಕರ ವೇಷ ಹಾಕ್ಕಂಡು ನಿಂತು ಮಂದೀನ ಕರೀಬೇಕು, ಆ ಕೆಲಸ ನಿಮ್ಮಕ್ಕಗ ಸಿಕ್ಕೈತಿ. ಕಾಲೇಜು ಸೂಟಿ ಐತಿ, ಮಾಡ್ತಾಳ. ಇದರಾಗೇನ ಮಾನ ಹೋತು? ನನ್ನ ಮಗ ಶರಣಪ್ಪ, ಸರಕಾರಿ ನೌಕರಿ ಮಾಡ್ತಾನಲ್ಲ, ಅವಂಗ ಇದು ಬೀದಿ ಕುಣಿತ ಕಂಡಂಗ ಕಾಣ್ತೈತಿ. ಏ ಶರಣ್ಯಾ, ಒಳಗ ಹೋಗಿ ಕುಂತ್ರ ನನ್ನ ದನಿ ಮುಟ್ಟಂಗಿಲ್ಲ ಅಂತ ತಿಳಕಬ್ಯಾಡ, ನಾನು ಮೈಕಿನ್ಯಾಗ ಒದರಿ ಬದುಕಿದಾಂವ.

ನಾ ಹರೇದ ಹುಡುಗ ಇದ್ದಾಗ ನಾವು ಯಲಬುರ್ಗಾದಾಗ ಇದ್ವಿ. ಅಲ್ಲೊಂದು ತಗಡಿನ ಟಾಕೀಜು. ಮಳಿ ಬಂತಂದ್ರ ತಗಡಿನ ಸಪ್ಪಳಕ್ಕ ಹೀರೋ ಏನಂದ, ಹೀರೋಯಿನ್ ಏನಂದ್ಳು ಒಂದೂ ಕೇಳ್ತಿದ್ದಿಲ್ಲ, ಹಂಗಂತ ಮಂದಿ ಎದ್ದೇನು ಹೋಗ್ತಿದ್ದಿಲ್ಲ, ಅದು ಬ್ಯಾರೆ ಮಾತು. ನನ್ನ ಮೊದಲನೇ ನೌಕರಿ ಅಲ್ಲೇ. ಬಂಡ್ಯಾಗ ಬ್ಯಾಟ್ರಿ ಇಟ್ಗಂಡು, ಮೈಕ್ ಹಿಡಕಂಡು ಓಣಿ ಓಣಿ ತಿರುಗಿ ಸಿನೆಮಾದ ಸುದ್ದಿ ಒದರೋದು. ನಮ್ಮಪ್ಪಗ ಇದು ಒಂಚೂರೂ ಸೇರಲಿಲ್ಲ. "ಹೊಲ ಬಿಟ್ಟು ಬಣ್ಣದ ಮಂದಿ ಹಿಂದ ಒದರಿಕೋತ ಹೊಂಟಿ, ನಾಚಿಕಿ ಐತೇನು ನಿನಗ?" ಅಂದಾಂವ ಅವತ್ತಿಂದ ಮಾತ ಬಿಟ್ಟ. ಉಣ್ಣೋ ಹೊತ್ತಿಗೆ ನಮ್ಮವ್ವಗ ಹೇಳ್ತಿದ್ದ, "ಆ ಒದರೋನಿಗೆ ರೊಟ್ಟಿ ಹಾಕು" ಅಂತ. ನಾ ಅಲ್ಲೇ ಅವನ ಬಾಜೂಕ ಕುಂತಿರ್ತಿದ್ದೆ, ನೋಡ್ರಿ.

ಟಾಕೀಜಿನ ಮಾಲಕರು ಗಂಗಾವತಿ ಕಡೆ ಕಾಲವಿ ನೀರಾವರಿ ಸೀಮಿಯೋರು, ಆಂಧ್ರದಿಂದ ಬಂದು ನೆಲಸಿದ ಮಂದಿ. ಅರ್ಧ ತೆಲುಗು, ಅರ್ಧ ಕನ್ನಡ, ಮನಷ್ಯಾ ಮಾತ್ರ ಭಾಳ ಛಲೋ. ಬೆಂಚು ಖಾಲಿ ಬೀಳಾಕತ್ತಿದ್ವು, ಒಂದಿನ ಕರದು ಅಂದ್ರು, "ಏಮಯ್ಯಾ, ಇನ್ನ ಒಂದೇ ಸಿನೆಮಾ ಹಾಕ್ತೀನಿ, ಯುದ್ಧದ್ದು. ಇದಕ್ಕೂ ಮಂದಿ ಬರಲಿಲ್ಲಂದ್ರ ಟಾಕೀಜು ಶೇಂಗಾ ತುಂಬಾಕ ಕೊಟ್ಟುಬಿಡ್ತೀನಿ. ನೀನೂ ಮನಿಗೆ, ನಾನೂ ಮನಿಗೆ." ಮನಿಗೆ ಅಂದ್ರ ಯಾವ ಮನಿಗೆ? ಮಾತ ಬಿಟ್ಟ ಅಪ್ಪನ ಮುಂದ ಸೋತು ಹೋಗಿ ನಿಂದ್ರಬೇಕು. ಸತ್ರೂ ಇಲ್ಲ ಅಂದೆ. "ಮಾಲಕ್ರ, ನೀವು ಸುಮ್ಕಿರ್ರಿ, ಊರಿಗೆ ಊರ ತರ್ತೀನಿ" ಅಂದೆ. ಬಾಡಗಿ ಬಂಡಿ ತಂದೆ, ಸುತ್ತಲೂ ಬಿದಿರ ತಟ್ಟಿ ಕಟ್ಟಿದೆ, ತಟ್ಟಿಗೆ ಗೋಣಿಚೀಲ ಹೊಲದು ಹಸರು ಬಣ್ಣ ಬಳದೆ. ಮುಂದ ಒಂದು ಉದ್ದನ್ನ ಕೊಳವಿ, ಅದರ ಬುಡಕ್ಕ ಒಳಗ ಕೆಂಡದ ಮ್ಯಾಲೆ ಲೋಬಾನ ಹಾಕಿದ್ರ ಹೊಗಿ ಭುಸುಭುಸು ಹೊರಗ ಬರ್ತಿತ್ತು. ಖರೇವಂದ್ರೂ ಟ್ಯಾಂಕ ಅದು. ಬಾಯಿಲೆ ಢಂ ಅಂದ್ರ ಆತು.

ಆದ್ರ ಶುಕ್ರವಾರ ಬರಬೇಕಾದ ಸಿನೆಮಾ ಡಬ್ಬಿ ಬಸ್ಸಿನ್ಯಾಗ ಬಂದಿದ್ದು ಐತಾರ ಸಂಜಿಗೆ. ಮಾಲಕರು ಅಂದ್ರು, ನಾಳೆ ಮುಂಜಾನಿ ಟ್ಯಾಂಕ ಹೊಂಡಸು, ಸಂಜಿಗೆ ಆಟ ಅಂತ. ನಾನೂ ಹೂಂ ಅಂದೆ. ಒಕ್ಕಲಿಗರ ಮಗ ಆಗಿ ಹೂಂ ಅಂದ್ನೆಲ್ಲ, ನನ್ನ ಬುದ್ಧಿಗಿಷ್ಟು. ಟಾಕೀಜಿನವ್ರಿಗೆ ಶುಕ್ರವಾರ ಒಂದೇ ವಾರ, ನನಗೂ ಹಂಗ ಆಗಿಬಿಟ್ಟಿತ್ತು. ಮರುದಿನ ಸೋಮಾರ. ಸೋಮಾರ ಬಸವಣ್ಣನ ವಾರ, ನಮ್ಮ ಕಡೆ ಯಾರೂ ಎತ್ತಿನ ಹೆಗಲ ಮ್ಯಾಲೆ ನೊಗ ಇಡಂಗಿಲ್ಲ. ಎತ್ತು ಕೇಳಾಕ ಯಾರ ಮನಿಗೆ ಹೋದ್ರೂ, "ಇವತ್ತೇನಪಾ? ತಲಿ ನೆಟ್ಟಗ ಐತಿಲ್ಲ?" ಅಂದ್ರು. ಮಾಲಕರು ತಲಿ ಮ್ಯಾಲೆ ಕೈ ಹೊತ್ತು, "ಯುದ್ಧಕ್ಕ ಯಾರಾದ್ರೂ ವಾರ ನೋಡ್ತಾರೇನಯ್ಯಾ?" ಅಂದ್ರು. ಕಡೀಕ ನಮ್ಮ ಮನಿಗೇ ಹೋದೆ. ಅಪ್ಪ ಎತ್ತಿನ ಮೈ ತೊಳ್ಯಾಕತ್ತಿದ್ದ. ನಾ ಕೇಳಿದೆ. ಅಂವ ನನ್ನ ಕಡೆ ನೋಡಲಿಲ್ಲ, ಎತ್ತಿಗೆ ಹೇಳಿದ, "ಕೇಳಿದೇನೋ ಬಸವಾ, ನಿನ್ನ ಸೋಮಾರ ಹೂಡಬೇಕಂತ. ಇವನ ಯುದ್ಧ ಮಂಗಳಾರ ಇಟ್ಗಳಾಕ ಹೇಳು."

ಸಿಟ್ಟು ಬಂತು ನನಗ. ಹೋಗಿ ನಾನ ನೊಗಕ್ಕ ಹೆಗಲ ಹಚ್ಚಿದೆ. ಎರಡೆತ್ತಿನ ಬಂಡಿ, ಒಬ್ಬ ಎಳದ್ರ ಏನಾಕೈತಿ? ಒಂದ ಕಡೆ ವಾಲಿ, ನಡು ಬಜಾರದಾಗ ಗಾಣ ತಿರುಗಿದಂಗ ಅಲ್ಲೇ ತಿರುಗಾಕ ಹತ್ತಿತು. ಮಂದಿ ಹೊಟ್ಟಿ ಹಿಡಕಂಡು ನಗತಾರ. "ಟ್ಯಾಂಕಿಗೆ ಭೂತ ಬಡದೈತೋ" ಅಂತಾನ ಒಬ್ಬ. ಹೆಗಲು ಕಿತ್ತು ಹೋಗಾಕತ್ತಿತ್ತು, ಮಾನ ಅದಕ್ಕೂ ಮೊದಲ ಹೋಗಿತ್ತು. ಅಷ್ಟರಾಗ ನಗು ಒಮ್ಮಿಗಲೇ ನಿಂತು ಹೋತು. ಹೊಳ್ಳಿ ನೋಡ್ತೀನಿ, ನಮ್ಮಪ್ಪ. ರುಮಾಲು ಬಿಚ್ಚಿ ಮಡಚಿ ಹೆಗಲ ಮ್ಯಾಲೆ ಇಟ್ಗಂಡು ಆ ಕಡೆ ನೊಗದ ಬುಡಕ ಬಂದು ನಿಂತಾನ. "ಅಪ್ಪಾ, ಇವತ್ತು ಸೋಮಾರ" ಅಂದೆ. "ಸೋಮಾರ ಎತ್ತಿಗೆ. ನನಗ ಯಾವ ಸೋಮಾರ? ಎತ್ತು ನೊಗ" ಅಂದ. ಎಷ್ಟೋ ತಿಂಗಳ ಮ್ಯಾಲೆ ನನಗ ಅಂತ ಆಡಿದ ಮಾತು ಅದು. ಆಮ್ಯಾಲ ಸಣ್ಣ ದನಿಲೆ ಅಂದ, "ಈ ಕೆಲಸ ನನಗ ಇವತ್ತೂ ಸೇರಂಗಿಲ್ಲ. ಆದ್ರ ನನ್ನ ಮಗ ಒಬ್ಬನ ನಿಂತು ನಗಿಸ್ಕಳ್ಳೋದು ನನಗ ಅದಕಿಂತ ಸೇರಂಗಿಲ್ಲ. ದುಡುದುಡು ಎಳೀಬ್ಯಾಡ, ನನ್ನ ಹೆಜ್ಜಿಗೆ ಹೆಜ್ಜಿ ಹಾಕು." ನನಗ ಅಳು ಬಂತು, ಹೇಳಾಕೇನ ನಾಚಿಕಿ.

ಬಂಡಿ ನೆಟ್ಟಗ ಹೊಂಡ್ತು. ಹಿರೇ ಮನಷ್ಯಾ ನೊಗ ಹೊತ್ತಾನ ಅಂದಮ್ಯಾಲೆ ನಕ್ಕವ್ರೇ ಓಡಿ ಬಂದ್ರು, "ಬಿಡ್ರಿ ಯಜಮಾನ್ರ, ನಾವ್ ಹಿಡೀತೀವಿ" ಅಂತ. ಅಪ್ಪ ಬಿಡಲಿಲ್ಲ. ಅವ್ರು ಹಿಂದಿಂದ ದಬ್ಬಿದ್ರು. ನಾ ನೊಗದಾಗ ಸಿಕ್ಕಿದ್ನೆಲ್ಲ, ಮೈಕು ಬಂಡಿ ಒಳಗ ಕುಂತ ಮಾಲಕರ ಕೈಯಾಗ. ಒಳಗ ಲೋಬಾನದ ಹೊಗಿ, ಪಾಪ, ಸಿನೆಮಾದ ಹೆಸರು ಒಂದ್ಸಲ ಹೇಳಿದ್ರ ನಾಕ್ ಸಲ ಕೆಮ್ಮೋದು. ಮುದುಕೇರು ಲೋಬಾನದ ವಾಸನಿ ಹಿಡದು ಯಾವುದೋ ದೇವರು ಬಂತಂತ ತಿಳದು ಬಂಡಿ ಗಾಲಿಗೆ ಕೊಡ ಕೊಡ ನೀರು ಹಾಕಿ ಕೈ ಮುಗದ್ರು. ಸಂಜಿಗೆ ನೋಡ್ರಿ, ಎಳದವ್ರು, ದಬ್ಬಿದವ್ರು, ನೀರು ಹಾಕಿದವ್ರು, ಎಲ್ಲಾರೂ ಹೆಂಡ್ರು ಮಕ್ಕಳನ್ನ ಕರಕಂಡು ಬಂದ್ರು. ಕಾಲಿಡಾಕ ಜಾಗ ಇದ್ದಿಲ್ಲ. ಟಾಕೀಜು ಉಳೀತು, ನೌಕರಿ ಉಳೀತು, ಆ ನೌಕರಿ ಮ್ಯಾಲೇ ನಿಮ್ಮ ಅಜ್ಜೀನ್ನ ಲಗ್ನ ಆಗಿದ್ದು, ಕೇಳ್ರಿ ಬೇಕಂದ್ರ. ಅಪ್ಪ ಸಿನೆಮಾ ನೋಡಲಿಲ್ಲ. ಬಾಗಲ ತನಕ ಬಂದು, ತುಂಬಿದ್ದು ನೋಡಿ, ಎತ್ತಿಗೆ ಮೇವು ಹಾಕಬೇಕು ಅಂತ ಹೋದ. ಮರುದಿನದಿಂದ ಮತ್ತ ಬೈಯಾಕ ಸುರು ಮಾಡಿದ, ಆದ್ರ ನನ್ನ ಮಾರಿ ನೋಡಿ ಬೈತಿದ್ದ.

ಬೈಯೋದು ಅಪ್ಪನ ಹಕ್ಕು, ನಾ ಬ್ಯಾಡ ಅನ್ನಂಗಿಲ್ಲ. ಮೊದಲ ಹೆಗಲ ಕೊಡಬೇಕು, ಬೈಗಳ ಆಮ್ಯಾಲ. ಶರಣ್ಯಾ, ಏಳು, ಗಾಡಿ ತಗಿ, ಕೂಸಿನ್ನ ಕೊಪ್ಪಳಕ್ಕ ಬಿಟ್ಟು ಬಾ. ದಾರಿ ಉದ್ದಕ್ಕೂ ಬೇಕಾದಷ್ಟು ಬೈ.