ಅಟ್ಟದ ಕೆಳಗಿನ ಗೋಡೆ

ಹಲೋ… ಹಲೋ, ಯಾರು ಮಾತಾಡೋದು?… ಹೌದು, ಮಲ್ಲಿಕಾರ್ಜುನಯ್ಯನೇ. ತಿಪಟೂರು ಕೊಬ್ಬರಿ ಮಂಡಿ. ನೀವ್ಯಾರು?…

ಎಲ್ಲಿಂದ? ತುಮಕೂರು ಸೈಬರ್ ಪೊಲೀಸಾ?… ಓಹೋ, ಬಂತಾ ನಮ್ಮ ಪಾಳಿ! ಈಗ ವಿಡಿಯೋ ಕಾಲ್ ಮಾಡಿ, ಬಾಗಿಲು ಹಾಕ್ಕೊಳ್ಳಿ, ನಿಮ್ಮನ್ನ ಅರೆಸ್ಟ್ ಮಾಡಿದೀವಿ ಅಂತೀರ, ಅಲ್ವಾ? ಪಕ್ಕದ ಮಂಡಿಯೋರಿಗೂ ಹಿಂಗೇ ಮಾಡಿದ್ರಿ. ಹೋಗವ್ವ, ಬೇರೆ ಯಾರಾದ್ರೂ ಬಕರಾ ಸಿಗ್ತಾರೆ ನೋಡು…

ದುಡ್ಡು ಕೇಳಲ್ವಾ? ಒಟಿಪಿನೂ ಬೇಡ್ವಾ? ಮತ್ತೇನು ಬೇಕು, ಉಂಡೆ ಕೊಬ್ಬರಿನಾ?…

ಯಾರು? ಯಾರಿದಾರೆ ಅಲ್ಲಿ?… ಕೊಡಿ, ಅವನ ಕೈಗೆ ಕೊಡಿ ನೋಡೋಣ… ಏನಯ್ಯ, ನಿಜವಾಗ್ಲೂ ಈರಣ್ಣನಾ? ನಮ್ಮ ಟೌನ್ ಸ್ಟೇಷನ್ನಲ್ಲಿದ್ದ ಈರಣ್ಣ? ಹಂಗಾದ್ರೆ ಹೇಳು, ನಿನ್ನ ಮಗಳ ಮದುವೆಗೆ ನಾನು ಏನು ಕಳ್ಸಿದ್ದೆ?… ಹಾಂ. ಸರಿ ಸರಿ. ನೀನೇ ಕಣಯ್ಯ. ಆಯ್ತು, ಮೇಡಂಗೆ ಕೊಡು.

ತಪ್ಪು ತಿಳ್ಕೋಬೇಡಿ ಮೇಡಂ. ಕಾಲ ಹಂಗೈತೆ… ಹೇಳಿ.

ಕ್ಯಾಲೆಂಡರಾ? ಹೌದು, ವರ್ಷವರ್ಷ ಮಾಡಿಸ್ತೀನಿ. ನಮ್ಮ ಮಂಡಿಗೆ ಕೊಬ್ಬರಿ ಹಾಕೋ ಮನೆಗೆಲ್ಲ ಕೊಡ್ತೀನಿ. ಶಿವ ಪಾರ್ವತಿ ಚಿತ್ರ, ಕೆಳಗೆ ಮಂಡಿ ಹೆಸರು… ಯಾರ್ಯಾರಿಗೆ ಅಂದ್ರೆ? ಅದನ್ನೆಲ್ಲ ಯಾರು ಬರೆದಿಡ್ತಾರೆ ಮೇಡಂ? ಹೊನ್ನವಳ್ಳಿ ಕಡೆ, ತುರುವೇಕೆರೆ ಕಡೆ, ಚಿಕ್ಕನಾಯಕನಹಳ್ಳಿ ಕಡೆ, ಎಲ್ಲಾ ಕಡೆ ಗೋಡೆ ಮ್ಯಾಲೆ ನಾನೇ ಇದೀನಿ. ಯಾಕೆ, ಕ್ಯಾಲೆಂಡರ್ ಕೊಡೋದೂ ಅಪರಾಧ ಆಯ್ತಾ ಈಗ?…

ಎಲ್ಲಿ ಸಿಕ್ತು ಅಂದ್ರಿ?… ಜರ್ಮನಿ?… ನನ್ನ ಕ್ಯಾಲೆಂಡರ್ ಜರ್ಮನಿಗೆ ಯಾಕೆ ಹೋಗುತ್ತೆ ಮೇಡಂ?…

ಫೋಟೋದಲ್ಲಿ… ಹಾಂ… ಯಾರದೋ ಕಂಪ್ಯೂಟರಲ್ಲಿ. ಅಲ್ಲಿನ ಪೊಲೀಸ್ರು ಹಿಡಿದಿರೋ ಆಸಾಮಿ… ಎಂಥಾ ಫೋಟೋ?…

ಎಷ್ಟು ವಯಸ್ಸಿನ ಮಗು?…

ಶಿವ ಶಿವ… ಒಂದು ನಿಮಿಷ ಮೇಡಂ, ಹೊರಗಡೆ ಬತ್ತೀನಿ. ಇಲ್ಲಿ ಹಮಾಲರಿದಾರೆ… ಹಾಂ, ಈಗ ಹೇಳಿ.

ಅಂದ್ರೆ ಮಗು ಯಾರು ಅಂತ ನಿಮಗೂ ಗೊತ್ತಿಲ್ಲ?… ಅವರು ಇಂಟರ್‌ಪೋಲ್‌ಗೆ ಕೊಟ್ಟರು, ಅಲ್ಲಿಂದ ದೆಲ್ಲಿ ಸಿಬಿಐ, ಅಲ್ಲಿಂದ ಬೆಂಗಳೂರು, ಅಲ್ಲಿಂದ ನಿಮಗೆ. ಗೋಡೆ ಮ್ಯಾಲಿನ ಕನ್ನಡ ಅಕ್ಷರ ಹಿಡ್ಕೊಂಡು ನನ್ ತನಕ ಬಂದ್ರಿ… ಆ ಜರ್ಮನಿಯೋನನ್ನೇ ಕೇಳಬಹುದಲ್ಲ?… ಅವನು ಕೊಂಡ್ಕೊಂಡೋನು. ತೆಗೆದೋನು ಇಲ್ಲೇ ಇದಾನೆ…

ಅಲ್ಲ ಮೇಡಂ, ಫೋಟೋ ಯಾವ ಫೋನಿಂದ ಹೋಯ್ತು ಅನ್ನೋದು ಅದನ್ನ ಕಳ್ಸಿದ ಆ್ಯಪ್ ಕಂಪನಿಯೋರಿಗೆ ಗೊತ್ತಿರಲ್ವಾ?… ಕಂಪನಿ ಅಮೆರಿಕದ್ದು. ಮಾಹಿತಿ ಅಳಿಸಬೇಡಿ ಅಂತ ಬರೆದಿದೀರಿ, ಸರಿ. ಕೊಡೋಕೆ?… ಇಲ್ಲಿ ಕೋರ್ಟಿಂದ ದೆಲ್ಲಿಗೆ, ದೆಲ್ಲಿಯಿಂದ ಅವರ ಸರ್ಕಾರಕ್ಕೆ, ಅಲ್ಲಿಂದ ಅವರ ಕೋರ್ಟಿಗೆ… ತಿಂಗಳುಗಟ್ಟಲೆ? ಅಲ್ಲೀ ತನಕ ಆ ಮಗು?…

ಹೌದು. ಆ ಮನೇಲೇ ಇರುತ್ತೆ.

ಕಳ್ಸಿ… ಇಲ್ಲ ಇಲ್ಲ, ಮಗುನ ನಾನು ನೋಡಲ್ಲ ಮೇಡಂ, ಆ ಪಾಪ ನನಗೆ ಬೇಡ… ಕತ್ತರಿಸಿದೀರಾ? ಬರೀ ಗೋಡೆನಾ?… ಪೂರ್ತಿ ಕಳ್ಸೋಕೆ ಕಾನೂನು ನಿಮ್ಮನ್ನೂ ಬಿಡಲ್ಲ. ಸರಿ. ಬಂತು. ಕನ್ನಡಕ ಹಾಕ್ಕೊತೀನಿ, ಇರಿ.

ಹಾಂ, ಕ್ಯಾಲೆಂಡರ್ ನಂದೇ. ಈ ವರ್ಷದ್ದು. ಮ್ಯಾಲಿರೋದು ಕಾಯಿ ಅಟ್ಟ. ಕಾಯಿ ಒಳಗೊಳಗೇ ಒಣಗಿ ಕೊಬ್ಬರಿ ಆಗೋ ತನಕ, ಹೆಚ್ಚುಕಮ್ಮಿ ಒಂದು ವರ್ಷ, ಅಟ್ಟದ ಮ್ಯಾಲೇ ಬುಟ್ಟಿರ್ತಾರೆ… ಗುರುತು ಸಿಗುತ್ತೆ ಮೇಡಂ, ಯಾಕೆ ಸಿಗಲ್ಲ? ಕೊಳ್ಳೋಕೆ ಮುಂಚೆ ನಾವು ಮನೆಮನೆಗೆ ಹೋಗಿ, ಅಟ್ಟ ಹತ್ತಿ, ಕಾಯಿ ಕಿವಿ ಹತ್ರ ಅಲ್ಲಾಡಿಸಿ ನೋಡ್ತೀವಿ. ಮನೆ ಯಜಮಾನನ ಮುಖ ಮರೆತೋದ್ರೂ ನನಗೆ ಅಟ್ಟ ಮರೆಯಲ್ಲ. ಯಾವ ಬಿದಿರು, ಯಾವ ತೊಲೆ…

ಬಲಗಡೆ?… ಬಲಗಡೆ ಕಂಬ ಐತೆ. ಕಂಬಕ್ಕೆ ತಗಡು ಸುತ್ತಿದಾರೆ. ಅದು ಇಲಿ ಹತ್ತದಿರಲಿ ಅಂತ…

ಇರಿ, ಇನ್ನೊಂದ್ಸಲ ದೊಡ್ಡದು ಮಾಡಿ ನೋಡ್ತೀನಿ…

ಇಲ್ಲ. ಗೊತ್ತಾಗ್ಲಿಲ್ಲ… ಇಂಥ ಅಟ್ಟ ಮೂರು ತಾಲ್ಲೂಕಲ್ಲೂ ಐತೆ ಮೇಡಂ. ತಗಡು ಯಾರು ಬೇಕಾದ್ರೂ ಸುತ್ತುತಾರೆ… ಕೆಂಪು ಬಣ್ಣನಾ? ಇರಬಹುದು. ಯಾವುದೋ ಹಳೇ ಬೋರ್ಡು. ಅಕ್ಷರ ತಲೆಕೆಳಗಾಗೈತೆ, ನನಗೆ ಓದೋಕೆ ಆಗಲ್ಲ…

ನನ್ನ ಧ್ವನಿಗೇನಾಗೈತೆ? ಬಿಪಿ ಮಾತ್ರೆ ತಗೊಂಡಿಲ್ಲ, ಅಷ್ಟೇ…

ಮೇಡಂ, ಒಂದು ಮಾತು. ಸುಮ್ನೆ ಕೇಳ್ತೀನಿ. ಒಬ್ಬನಿಗೆ ಗೊತ್ತಿತ್ತು, ಹೇಳಲಿಲ್ಲ ಅಂತಿಟ್ಕೊಳ್ಳಿ. ಏನಾಗುತ್ತೆ?… ಪೋಕ್ಸೋ ಕಾಯ್ದೇಲಿ ಅದೂ ಅಪರಾಧವಾ. ಆರು ತಿಂಗಳ ತನಕ ಜೈಲು… ಸ್ವಂತ ಮನೆಯೋರಾದ್ರೂ?… ಹಾಂ. ಕಾನೂನಿಗೆ ನೆಂಟಸ್ತಿಕೆ ಇಲ್ಲ, ಅಲ್ವಾ.

ನನಗೆ ಸ್ವಲ್ಪ ಹೊತ್ತು ಕೊಡಿ. ಒಬ್ಬರನ್ನ ಕೇಳಿ ಹೇಳ್ತೀನಿ. ಬರೀ ಒಂದು ಫೋನು… ಯಾಕೆ ಬೇಡ?… ನಾನು ಜೋರು ಮಾಡಲ್ಲ ಮೇಡಂ, ಮೆತ್ತಗೆ ವಿಚಾರಿಸ್ತೀನಿ. ದೊಡ್ಡೋರು ನಾಲ್ಕು ಜನ ಕೂತು, ಒಳಗೊಳಗೇ ಬುದ್ಧಿ ಹೇಳಿ… ಹಾಂ… ನಾನು ಕೇಳಿದ ತಕ್ಷಣ ಅವನ ಮೊಬೈಲು ಬಾವಿಗೆ ಬೀಳುತ್ತೆ. ಸರಿ. ಮಗು ಬಾಯಿ ಮುಚ್ಚಿಸ್ತಾರೆ. ಹಾಂ… ಹಿಂದೆ ಹಂಗೆ ಆಗೈತಾ?…

ಇಲ್ಲ, ಮಾಡಲ್ಲ. ಯಾರಿಗೂ ಮಾಡಲ್ಲ.

ಯಾವತ್ತೋ ಒಂದ್ಸಲ ಆಗಿದ್ದು ಇರಬಹುದಲ್ವಾ ಮೇಡಂ? ಬುದ್ಧಿ ಕೆಟ್ಟು, ಒಂದೇ ಒಂದ್ಸಲ…

ಇನ್ನೊಂದು ಕಳ್ಸಿದ್ರಾ?… ಅದೇ ಗೋಡೆ. ಅದೇ ಕ್ಯಾಲೆಂಡರ್… ತಿಂಗಳು ನೋಡ್ಲಾ?… ಮೊದಲನೇದ್ರಲ್ಲಿ ಜನವರಿ. ಇದ್ರಲ್ಲಿ… ಆಗಸ್ಟ್.

ಹಾಳೆ ತಿರುವಿದಾರೆ. ತಿಂಗಳು ತಿಂಗಳು ಹಾಳೆ ತಿರುವೋಳು ನಮ್ಮ ಸುವರ್ಣ. ಹಬ್ಬ ಯಾವತ್ತು, ಅಮಾವಾಸ್ಯೆ ಯಾವತ್ತು ಅಂತ ಆ ಗೋಡೆ ಮುಂದೆ ನಿಂತು ನೋಡ್ತಾಳೆ. ಅದೇ ಗೋಡೆ ಮುಂದೆ…

ಸುವರ್ಣಮ್ಮ. ನನ್ನ ತಂಗಿ… ಹೌದು ಮೇಡಂ, ಸುಳ್ಳು ಹೇಳಿದೆ. ಆ ತಗಡು ನಂದೇ. ಮಂಡಿಗೆ ಹೊಸ ಬೋರ್ಡು ಹಾಕಿಸ್ದಾಗ ಹಳೇದನ್ನ ಕತ್ತರಿಸಿ, ಶೆಟ್ಟಿಕೆರೆಗೆ ಒಯ್ದು, ನನ್ನ ಕೈಯಾರೆ ಆ ಕಂಬಕ್ಕೆ ಮೊಳೆ ಹೊಡೆದೆ. ತಲೆಕೆಳಗಾಗಿರೋದು ನನ್ನ ಹೆಸರೇ…

ಇರಿ. ಬರ್ಕೊಳ್ಳೋಕೆ ಮುಂಚೆ ಹೇಳಿ, ನಾನು ಹೇಳಿದ್ದು ಅಂತ ಅವಳಿಗೆ ಗೊತ್ತಾಗುತ್ತಾ?… ಕೋರ್ಟಲ್ಲಿ ಸಾಕ್ಷಿ ಹೇಳ್ಬೇಕು. ಅವಳ ಎದುರಿಗೇ?… ಮಗು ಹೆಸರು ಪೇಪರ್‌ನಲ್ಲಿ?… ಬರೋ ಹಂಗಿಲ್ಲ. ಮನೆ, ಸ್ಕೂಲು, ಯಾವುದೂ?… ಸರಿ.

ಬರ್ಕೊಳ್ಳಿ. ಶೆಟ್ಟಿಕೆರೆ, ಸುವರ್ಣಮ್ಮನ ಮನೆ. ಇರೋದು ಮೂರು ಜನ. ತಂಗಿ, ತಂಗಿ ಮಗ ಗಂಗಾಧರ, ಮತ್ತೆ ಮಗು. ಮಗು ನನ್ನ ತಂಗಿ ಮಗಳದ್ದು. ಅವಳು ತುಮಕೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಗಂಡ ಇಲ್ಲ. ಸೋದರಮಾವ ಓದಿಸ್ತಾನೆ ಅಂತ ಮಗುನ ತವರಲ್ಲಿ ಬಿಟ್ಟಿದಾಳೆ. ಬಿಡು ಅಂದೋನೂ ನಾನೇ… ಅವನೇ ಅಂತ ಹೇಳಲ್ಲ ಮೇಡಂ, ನಾನು ನೋಡಿಲ್ಲ. ಆದ್ರೆ ಆ ಮನೇಲಿ ಗಂಡಸು ಅಂದ್ರೆ ಅವನೊಬ್ಬನೇ.

ಯೂನಿಫಾರಂ ಹಾಕ್ಕೊಂಡು ಹೋಗ್ಬೇಡಿ. ಮಗು ಹೆದರ್ಕೊಳ್ಳುತ್ತೆ… ಕಾನೂನಲ್ಲೇ ಹಂಗೈತಾ? ಒಳ್ಳೇದು. ಆದ್ರೆ ನೀವು ತುಮಕೂರಿಂದ ಬರೋ ಹೊತ್ತಿಗೆ… ಮಗು ಈಗ ಸ್ಕೂಲಲ್ಲಿರುತ್ತೆ. ಸಾಯಂಕಾಲ ಕರ್ಕೊಂಡು ಹೋಗೋದು ಗಂಗಾಧರನೇ, ಬೈಕಲ್ಲಿ. ದಿನಾ… ಚಿಕ್ಕನಾಯಕನಹಳ್ಳಿ ಸ್ಟೇಷನ್ನಿಂದ ಹೆಣ್ಣು ಪೊಲೀಸ್ರನ್ನ ಕಳ್ಸ್ತೀರಾ? ಹೊರಟ್ರಾ?… ಅವರು ಬರೋಕೆ ಮುಂಚೆ ಸ್ಕೂಲು ಬಿಟ್ಟುಬುಟ್ರೆ?…

ನಾನೂ ಸ್ಕೂಲ್ ಹತ್ರ ಹೊರಡ್ತೀನಿ. ಕಾರು ಇಲ್ಲೇ ಐತೆ… ಮಗುನ ಏನೂ ಕೇಳ್ಬಾರದು. ಸರಿ, ಕೇಳಲ್ಲ. ನನ್ನನ್ನ ಕಂಡ್ರೆ ತಾತಾ ಅಂತ ಓಡಿ ಬರುತ್ತೆ ಮೇಡಂ, ಆಗ ಏನು ಮಾಡ್ಲಿ?… ಹಾಂ. ದಿನದ ಹಂಗೇ ಇರಬೇಕು.

ಅವನು ಮುಂಚೆ ಬಂದ್ರೆ?… ತಡೀಬಾರದು, ಬೈಬಾರದು. ಮಾತಾಡ್ತಾ ನಿಲ್ಲಿಸ್ಕೋಬೇಕು. ಏನು ಮಾತಾಡ್ಲಿ?… ಕೊಬ್ಬರಿ ರೇಟು. ಸರಿ. ಹೆಗಲ ಮ್ಯಾಲೆ ಕೈ ಹಾಕಿ, ಏನ್ಲಾ ಗಂಗಾ, ಕಾಯಿ ಯಾವಾಗ ಇಳಿಸ್ತೀಯ ಅಂತ…

ಬೇಗ ಕಳ್ಸಿ ಮೇಡಂ. ಅವನ ಮುಖ ನೋಡ್ಕೊಂಡು ಎಷ್ಟು ಹೊತ್ತು ನಗ್ತಾ ನಿಲ್ಲೋಕಾಗುತ್ತೆ ನನ್ನ ಕೈಲಿ… ಹಲೋ?… ಮೇಡಂ, ಅವರು ಎಲ್ಲಿಗೆ ಬಂದ್ರು ಅಂತ ಸ್ವಲ್ಪ… ಹಲೋ?… ಹಲೋ…